ಹಿರಿಯರೇ, ಮೊಮ್ಮಗಳನ್ನ ಎಂಎಗೆ ಕಳ್ಸಿ

ಸಂಪಾದಕರಿಗೆ ಶರಣು ಶರಣಾರ್ಥಿ,

ಹೋದ ವಾರ ನಿಮ್ಮ ಪೇಪರ್‌ನ ವಾಚಕರ ಪತ್ರದಲ್ಲಿ ಸೊಲ್ಲಾಪುರದ ಕಡೆಯ ಒಬ್ಬ ಹಿರಿಯರು ಬರೆದದ್ದು ಓದಿದೆ. ದೇವರು ದಿಂಡರು ಅಂತ ನಡ್ಕೊಂಡು ಬಂದ ಮನೆತನದವರು ಮಕ್ಕಳನ್ನ ಹೊಟ್ಟೆಪಾಡಿಗೆ ಎಷ್ಟು ಬೇಕೋ ಅಷ್ಟು ಓದಿಸ್ಬೇಕು, ಇಂಜಿನಿಯರಿಂಗೋ ನರ್ಸಿಂಗೋ ಮಾಡಿಸಿದ್ರೆ ಸಾಕು, ಅದು ಬಿಟ್ಟು ಯುನಿವರ್ಸಿಟಿಗೆ ಹೋಗಿ ತತ್ವಶಾಸ್ತ್ರ ಇತಿಹಾಸ ಅಂತ ಕೂತ್ರೆ ತಲೆ ಕೆಡತ್ತೆ, ಪೂಜೆ ಬಿಡ್ತಾರೆ, ಹಿರಿಯರಿಗೆ ಎದುರುತ್ತರ ಕೊಡ್ತಾರೆ ಅಂತ ಅವರು ಬರೆದಿದ್ರು. ಕೊನೇಲಿ ಒಂದು ಸಾಲು ಇತ್ತು, ನನ್ನ ಮೊಮ್ಮಗಳು ಎಂಎ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ, ನಾನು ಬೇಡ ಅಂದಿದ್ದೀನಿ ಅಂತ. ಆ ಸಾಲು ಓದಿದ ಮೇಲೆ ಸುಮ್ನಿರಕ್ಕೆ ಆಗ್ಲಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗತ್ತೆ, ಕತ್ತರಿಸದೆ ಹಾಕಿದ್ರೆ ಉಪಕಾರ ಆಗತ್ತೆ.

ಮೊದಲೇ ಹೇಳ್ಬಿಡ್ತೀನಿ, ನಾನೂ ದೇವರನ್ನ ನಂಬಿದವನೇ. ಬಿಜಾಪುರ (ಈಗಿನ ವಿಜಯಪುರ) ಜಿಲ್ಲೆ ಇಂಡಿ ತಾಲೂಕಿನವನು, ಲಿಂಗಾಯತ, 34 ವರ್ಷದಿಂದ ಪುಣೆಯಲ್ಲಿದ್ದೀನಿ, ಈಗ ಮನೆ ಆಕುರ್ಡಿಯಲ್ಲಿ, ಕೆಲಸ ಭೋಸರಿ ಎಂಐಡಿಸಿಯಲ್ಲಿ, ಅಂದ್ರೆ ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ, ಲೋಹದ ಭಾಗ ಕಡೆಯೋ ಟರ್ನರ್. ಮೊದಲು ಲೇತ್ ಮೇಲೆ ಮಾಡ್ತಿದ್ದೆ ಈಗ ಕಂಪ್ಯೂಟರ್ ನಡೆಸೋ ಸಿಎನ್‌ಸಿ ಮಶೀನ್ ಮೇಲೆ. ಫಸ್ಟ್ ಶಿಫ್ಟ್ ಇದ್ರೂ ನೈಟ್ ಶಿಫ್ಟ್ ಮುಗಿಸಿ ಬಂದ್ರೂ ಸ್ನಾನ ಮಾಡಿ ವಿಭೂತಿ ಹಚ್ಚಿ ಇಷ್ಟಲಿಂಗ ಕೈಲಿಟ್ಟು ಕೂರದೇ ಒಂದು ತುತ್ತು ಬಾಯಿಗೆ ಹಾಕಿದವನಲ್ಲ. ಹಾಗಾಗಿ ಇದು ದೇವರನ್ನ ಬಿಟ್ಟವನು ಬರೆದ ಪತ್ರ ಅಂತ ಆ ಹಿರಿಯರು ಪಕ್ಕಕ್ಕೆ ಇಡಬಾರದು.

1989ರಲ್ಲಿ ನಾನು ಪಿಯುಸಿ ಸೈನ್ಸ್ ಪಾಸಾದೆ. ಬಿಎಸ್ಸಿಗೆ ಬಿಜಾಪುರದಲ್ಲಿ ಸೀಟು ಸಿಕ್ಕಿತ್ತು, ಫೀ ಕಟ್ಟಕ್ಕೆ ಅಪ್ಪ ಒಂದು ಹೋರಿ ಮಾರೋಕೂ ತಯಾರಾಗಿದ್ದ. ಅಷ್ಟರಲ್ಲಿ ನಮ್ಮ ಮನೆತನಕ್ಕೆ ನಡ್ಕೊಳೋ ಮಠದ ಒಬ್ಬ ಹಿರಿಯರು, ಹೆಸರು ಬೇಡ, ಈಗ ಅವರಿಲ್ಲ, ನಮ್ಮ ಪಡಸಾಲೆಯಲ್ಲೇ ಕೂತು ಅಪ್ಪನಿಗೆ ಹೇಳಿದ್ರು, "ಬಿಎಸ್ಸಿ ಓದಿದಾವ ಲಿಂಗ ಕಟ್ಟೂದು ಬಿಡ್ತಾನ ಗೌಡಾ, ಐಟಿಐಗೆ ಹಚ್ಚು, ಕೈಯಾಗ ಕೆಲಸಾ ಬರ್ತೈತಿ, ತಲ್ಯಾಗ ಹುಳಾ ಬರಂಗಿಲ್ಲ." ಅಪ್ಪ ಅವರ ಮಾತು ಮೀರ್ಲಿಲ್ಲ, ನಾನು ಅಪ್ಪನ ಮಾತು ಮೀರ್ಲಿಲ್ಲ. ಐಟಿಐ ಮುಗಿಸಿ 1991ರಲ್ಲಿ ಪುಣೆಗೆ ಬಂದೆ. ಕೆಲಸದ ಬಗ್ಗೆ ನನಗೆ ಯಾವ ಬೇಜಾರೂ ಇಲ್ಲ, ಈ ಕಾಯಕದಿಂದಲೇ ಮನೆ ಆಗಿದೆ, ಮಕ್ಕಳಾಗಿದ್ದಾರೆ. ಆದರೆ ಲಿಂಗ ಉಳಿಸ್ಕೊಳ್ಳೋಕೆ ಓದು ಬಿಡ್ಬೇಕು ಅಂತ ಒಬ್ಬ 18 ವರ್ಷದ ಹುಡುಗನಿಗೆ ಹೇಳಿದ್ರಲ್ಲ, ಆ ಮಾತು ನನ್ನೊಳಗೆ ಏನು ಮಾಡ್ತು ಅಂತ ನನಗೇ ಗೊತ್ತಾಗಿದ್ದು ಮೂವತ್ತು ವರ್ಷ ಆದ ಮೇಲೆ. ನನ್ನ ದೇವರು ಬಹಳ ನಾಜೂಕು, ಕೇಳಿದ್ರೆ ಒಡೆದುಹೋಗ್ತಾನೆ ಅನ್ನೋ ಭಯ ಅವತ್ತೇ ನನ್ನ ತಲೇಲಿ ಕೂತುಬಿಟ್ಟಿತ್ತು.

ನನ್ನ ಮಗಳು ಇಲ್ಲೇ ಒಂದು ಕಾಲೇಜಲ್ಲಿ ಬಿಎ ಮಾಡಿದ್ಲು. ಎರಡನೇ ವರ್ಷದಲ್ಲಿದ್ದಾಗ ಒಂದಿನ ಬೆಳಿಗ್ಗೆ ಪೂಜೆಗೆ ಪಕ್ಕದಲ್ಲೇ ಕೂತವಳು ಲಿಂಗನ್ನ ಅಂಗೈಲಿ ಇಟ್ಕೊಂಡು ನೋಡ್ತಾ ನೋಡ್ತಾ ಕೇಳಿದ್ಲು, "ಅಪ್ಪಾ, ಗುಡಿ ಬ್ಯಾಡ ಮೂರ್ತಿ ಬ್ಯಾಡ ಅಂದವರು ಕೈಯಾಗ ಇದನ್ಯಾಕ ಕೊಟ್ರು? ಇದೂ ಒಂದು ಮೂರ್ತಿ ಅಲ್ಲೇನು?" ನನಗೆ ಉತ್ತರ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂದಿದ್ರೆ ಮುಗೀತಿತ್ತು. ನಾನು ಏನು ಮಾಡ್ದೆ ಅಂದ್ರೆ ಆ ಪಡಸಾಲೆಯಲ್ಲಿ ಕೂತ ಹಿರಿಯರ ದನಿಯಲ್ಲೇ "ಪೂಜಾ ಮಾಡೂ ಮುಂದ ಹಂಗೆಲ್ಲಾ ಕೇಳಬಾರದು" ಅಂತ ಗದರಿಸ್ದೆ. ಅವಳು ಮಾತಾಡ್ಲಿಲ್ಲ, ಲಿಂಗನ್ನ ಬಟ್ಟೆಯಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟು ಮುಚ್ಚಳ ಹಾಕಿ ಎದ್ದುಹೋದ್ಲು. ಆ ಮುಚ್ಚಳ ತಿರುಗಿಸಿದ ಸಣ್ಣ ಸದ್ದು ಈಗಲೂ ನೆನಪಿದೆ. ಆಮೇಲೆ ನಾಲ್ಕೈದು ತಿಂಗಳು ಪೂಜೆಗೆ ಕೂರ್ಲಿಲ್ಲ. ನಾನೂ ಮನೇಲಿ ಅಂದೆ, ನೋಡು ಕಾಲೇಜಿನ ಪ್ರಭಾವ ಅಂತ.

ಅವಳನ್ನ ಮತ್ತೆ ಕೂರಿಸಿದ್ದು ನಾನಲ್ಲ, ಕಾಲೇಜೇ. ಅವರಿಗೆ ತತ್ವಶಾಸ್ತ್ರ ಹೇಳಿಕೊಡೋರು ಒಬ್ಬ ಮರಾಠಿ ಮೇಡಂ, ಪಂಢರಪುರದ ವಿಠ್ಠಲನ ಭಕ್ತರಾದ ವಾರಕರಿ ಮನೆತನದವರು, ಆಷಾಢ ಏಕಾದಶಿಗೆ ಅಂತ ದೇಹುವಿಂದ ಪಂಢರಪುರಕ್ಕೆ ತುಕಾರಾಮರ ಪಾಲಖಿ ಹೊರಟಾಗ ಎರಡು ದಿನ ಆದ್ರೂ ತಾವೂ ನಡೀತಾರಂತೆ. ಕ್ಲಾಸಲ್ಲಿ ಭಕ್ತಿ ಸಂಪ್ರದಾಯದ ಪಾಠ ನಡೀತಿದ್ದಾಗ ಅವರು ನನ್ನ ಮಗಳಿಗೆ, ನೀನು ಕನ್ನಡದವಳಲ್ವಾ, ನಾಡಿದ್ದು ಬಸವಣ್ಣನವರ ಬಗ್ಗೆ ನೀನೇ ಹೇಳು ಅಂದ್ರಂತೆ. ಮಗಳು ಮನೆಗೆ ಬಂದು ಹುಡುಕ್ತಾಳೆ, ಮನೇಲಿ ಇದ್ದಿದ್ದು ಬಸವಣ್ಣನವರ ಒಂದು ಕ್ಯಾಲೆಂಡರ್ ಫೋಟೋ ಮಾತ್ರ. ಅವತ್ತು ರಾತ್ರಿ ಅವಳು ಮೊಬೈಲ್ ಹಿಡ್ಕೊಂಡು ಅಡುಗೆಮನೆ ಕಟ್ಟೆ ಹತ್ರ ನಿಂತು ಒಂದೊಂದೇ ವಚನ ಜೋರಾಗಿ ಓದಿದ್ಲು, ಇಂಗ್ಲಿಷ್ ಮೀಡಿಯಂ ಹುಡುಗಿ, ಒತ್ತಕ್ಷರ ಬಂದಲ್ಲೆಲ್ಲ ತಡವರಿಸ್ತಾ, ನಮ್ಮ ಮನೆಯವ್ರು ರೊಟ್ಟಿ ಬಡೀತಾನೇ ತಿದ್ದುತಾ ಹೋದ್ರು. ಕ್ಲಾಸಲ್ಲಿ ಇಪ್ಪತ್ತು ನಿಮಿಷ ಮಾತಾಡಿ ಬಂದ್ಲು. ಮಾರನೇ ಬೆಳಿಗ್ಗೆ ನಾನು ಕರೀದೇನೇ ಬಂದು ಪಕ್ಕದಲ್ಲಿ ಕೂತ್ಲು. ಅವಳು ಕೇಳಿದ್ದ ಪ್ರಶ್ನೆಗೆ ಉತ್ತರಾನೂ ತಾನೇ ಹೇಳಿದ್ಲು, "ಅಪ್ಪಾ, ಅದು ಬ್ಯಾರೆ ಯಾರೋ ಕೂಡಿಸಿಟ್ಟ ದೇವ್ರಲ್ಲ, ನಡುವ ಪೂಜಾರಿ ಬೇಕಾಗಿಲ್ಲ ಅಂತ ತೋರಿಸಾಕ ನಮ್ಮ ನಮ್ಮ ಕೈಯಾಗ ಕೊಟ್ರು, ಹೆಣ್ಣಿಗೂ ಕೊಟ್ರು." 30 ವರ್ಷ ಅದನ್ನ ಎದೆ ಮೇಲೆ ಕಟ್ಕೊಂಡು ತಿರುಗಿದ ನನಗೆ ಇದು ಹೊಸ ಮಾತು. ಅವತ್ತಿನ ಪೂಜೆಯಲ್ಲಿ ನನ್ನ ಕಣ್ಣಲ್ಲಿ ನೀರು ಬಂತು.

ಈಗ ಅವಳಿಗೆ ಪುಣೆ ಯುನಿವರ್ಸಿಟಿಯಲ್ಲಿ ತತ್ವಶಾಸ್ತ್ರ ಎಂಎ ಮಾಡ್ಬೇಕು ಅಂತ ಆಸೆ. ನಮ್ಮಣ್ಣ ಊರಿಂದ ಫೋನ್ ಮಾಡಿ, "ಎಂಎ ಓದಿ ದೇವರನ್ನ ಹುಡುಕ್ತಾಳೇನ, ಒಂದು ಕಂಪ್ಯೂಟರ್ ಕೋರ್ಸ್ ಮಾಡ್ಸಿ ಮದುವಿ ಮಾಡು" ಅಂತಾನೆ. ನಮ್ಮಣ್ಣ ಕೆಟ್ಟವನಲ್ಲ. ಅವನ ಭಯಕ್ಕೆ ಕಾರಣ ಇದೆ, ಅದನ್ನ ಮುಚ್ಚಿಟ್ಟು ಈ ಪತ್ರ ಬರೆದ್ರೆ ತಪ್ಪಾಗತ್ತೆ. ಅವನ ಮಗ ನಮ್ಮನೇಲೇ ಎರಡು ವರ್ಷ ಇದ್ದು ಇಂಜಿನಿಯರಿಂಗ್ ಓದಿದ, ಓದು ಮುಗಿಯೋ ಹೊತ್ತಿಗೆ ಲಿಂಗ ಬಿಟ್ಟಿದ್ದ. ಒಂದಿನ ಅವನ ರೂಂ ಗುಡಿಸೋವಾಗ ಕಪಾಟಲ್ಲಿ ಚಾರ್ಜರ್ ವೈರುಗಳ ಹಿಂದೆ ಅವನ ಬೆಳ್ಳಿ ಕರಡಿಗೆ ಸಿಕ್ತು, ಶಿವದಾರ ಧೂಳು ಹಿಡಿದು ಬೂದಿ ಬಣ್ಣ ಆಗಿತ್ತು. ರಾತ್ರಿ ಕೂರಿಸ್ಕೊಂಡು ಕೇಳ್ದೆ, ಯಾಕಪ್ಪಾ, ಯಾರಾದ್ರೂ ಏನಾದ್ರೂ ಅಂದ್ರಾ, ಕಾಲೇಜಲ್ಲಿ ದೇವರಿಲ್ಲ ಅಂತ ಹೇಳಿಕೊಟ್ರಾ ಅಂತ. ಅವನು ಹೇಳಿದ್ದು ಹಾಗೇ ಬರೀತೀನಿ. "ಇಲ್ಲ ಕಾಕಾ, ಯಾರೂ ಏನೂ ಅಂದಿಲ್ಲ. ಮುಂಜಾನೆ ಆರಕ್ಕ ಬಸ್ಸು, ರಾತ್ರಿ ಹನ್ನೊಂದಕ್ಕ ಅಸೈನ್‌ಮೆಂಟು. ನನಗ ಯಾರೂ ಏನೂ ಕೇಳಿಲ್ಲ, ನಾನೂ ಯಾರನ್ನೂ ಏನೂ ಕೇಳಿಲ್ಲ. ಸುಮ್ಮ ಬಿಟ್ಟುಹೋತು."

ಹಿರಿಯರೇ, ನೀವು ಸುರಕ್ಷಿತ ಅಂತ ಬರೆದಿದ್ದೀರಲ್ಲ, ಹೊಟ್ಟೆಪಾಡಿನ ಕೋರ್ಸು, ನಮ್ಮ ಹುಡುಗನ ಲಿಂಗ ಬಿಟ್ಟುಹೋಗಿದ್ದು ಆ ಕೋರ್ಸಲ್ಲೇ. ವಾದದಲ್ಲಿ ಸೋತು ಬಿಟ್ಟಿದ್ದಲ್ಲ, ವಾದ ಮಾಡೋಕೆ ಪುರುಸೊತ್ತೇ ಸಿಗದೆ ಬಿಟ್ಟಿದ್ದು. ಅವನಿಗೂ ಒಬ್ಬ ಮೇಡಂ ನಾಡಿದ್ದು ಬಸವಣ್ಣನ ಬಗ್ಗೆ ಹೇಳು ಅಂದಿದ್ರೆ, ಇಲ್ಲಾ ಒಬ್ಬ ಸ್ನೇಹಿತ ನಿನ್ನ ಕೊರಳಲ್ಲಿ ಇರೋದೇನು ಅಂತ ಕೇಳಿದ್ರೆ, ಏನಾಗ್ತಿತ್ತೋ ನನಗೆ ಗೊತ್ತಿಲ್ಲ, ಆದರೆ ಧೂಳು ಹಿಡೀತಿರ್ಲಿಲ್ಲ ಅನ್ಸತ್ತೆ. ಇಂಜಿನಿಯರಿಂಗ್ ಕೆಟ್ಟದ್ದು ಅಂತಲ್ಲ, ನಾನೇ ಇಂಜಿನಿಯರು ಕೊಟ್ಟ ಡ್ರಾಯಿಂಗ್ ನೋಡಿ ಅನ್ನ ತಿನ್ನೋನು. ದುಡಿಯೋಕೆ ಮಾತ್ರ ಓದಿಸಿ ಯೋಚಿಸೋಕೆ ಓದಿಸ್ಬೇಡಿ ಅನ್ನೋ ಸಲಹೆ ಇದೆಯಲ್ಲ, ಅದರಿಂದ ಭಕ್ತಿ ಉಳಿಯಲ್ಲ ಅಂತ ನಮ್ಮನೇಲೇ ಕಣ್ಣಾರೆ ನೋಡಿದ್ದೀನಿ.

ನನ್ನ ಕೆಲಸದ್ದೇ ಒಂದು ಮಾತು ಹೇಳ್ತೀನಿ. ಒಂದು ಶಾಫ್ಟ್ ಮಾಡಿದ್ರೆ ಅದನ್ನ ಮೈಕ್ರೋಮೀಟರ್ ಹಚ್ಚಿ ನೋಡದೇ ಮುಂದೆ ಕಳ್ಸೋ ಹಾಗಿಲ್ಲ, ಹತ್ತು ಮೈಕ್ರಾನ್ ಹೆಚ್ಚಾದ್ರೂ ಬೇರಿಂಗ್ ಕೂರಲ್ಲ. ಮೂವತ್ತು ವರ್ಷ ಕೈ ಪಳಗಿದವನು ಮಾಡಿದ ಪೀಸನ್ನೂ ಹೊಸದಾಗಿ ಬಂದ ಕ್ವಾಲಿಟಿ ಹುಡುಗಿ ಗೇಜ್ ಹಚ್ಚಿ ನೋಡ್ತಾಳೆ. ನಮಗೆ ಸಿಟ್ಟು ಬರಲ್ಲ. ಅಳತೆ ಮಾಡಿದ್ದಕ್ಕೆ ಪೀಸು ಕೆಡಲ್ಲ, ಅಳತೆಗೆ ಸರಿ ಇದ್ದಿದ್ದು ಸರಿಯಾಗೇ ಇರತ್ತೆ. ನನ್ನ ಮಗಳು ಕೇಳಿದ ಪ್ರಶ್ನೆಗೆ ಮಾತ್ರ ನಾನು ಯಾಕೆ ಹೆದರಿದೆ? ಪೀಸು ಸರಿ ಇದೆಯೋ ಇಲ್ವೋ ಅಂತ ನನಗೇ ನಂಬಿಕೆ ಇರ್ಲಿಲ್ಲ, ಅಷ್ಟೇ. ನಮ್ಮ ಶರಣರಿಗೆ ಆ ಹೆದರಿಕೆ ಇರ್ಲಿಲ್ಲ. ಅಕ್ಕಮಹಾದೇವಿ ಅಷ್ಟು ದೂರದ ಉಡುತಡಿಯಿಂದ ಕಲ್ಯಾಣಕ್ಕೆ ನಡ್ಕೊಂಡು ಬಂದಾಗ ಅಲ್ಲಮಪ್ರಭುಗಳು ಬಾಮ್ಮಾ ಕೂತ್ಕೋ ಅಂತ ಸುಮ್ನೆ ಒಳಗೆ ಕರೀಲಿಲ್ಲ, ಎಲ್ಲರ ಎದುರಿಗೆ ಕಟುವಾದ ಪ್ರಶ್ನೆ ಕೇಳಿದ್ರು, ಅವಳೂ ತಲೆ ತಗ್ಗಿಸದೇ ಉತ್ತರ ಕೊಟ್ಲು. ಹಿರಿಯರಿಗೆ ಎದುರುತ್ತರ ಅಂದ್ರೆ ಅದೇ ಅಲ್ವಾ?

ಇನ್ನೊಂದು ಮಾತು, ಇದನ್ನ ನಮ್ಮ ಜನ ಮರೀಬಾರದು. ಇವತ್ತು ನಾವು ಮನೆಮನೆಯಲ್ಲಿ ವಚನ ಅಂತ ಏನು ಹಾಡ್ತೀವೋ ಅದರಲ್ಲಿ ಬಹಳಷ್ಟು ನೂರು ವರ್ಷದ ಹಿಂದೆ ಓಲೆಗರಿ ಕಟ್ಟುಗಳಲ್ಲಿ ಬಿದ್ದಿತ್ತು. ಎಷ್ಟೋ ಮನೇಲಿ ಆ ಕಟ್ಟನ್ನ ಬಟ್ಟೆಯಲ್ಲಿ ಸುತ್ತಿ ಜಗಲಿ ಮೇಲಿಟ್ಟು ವಿಭೂತಿ ಹಚ್ಚಿ ಕೈ ಮುಗೀತಿದ್ರು, ಬಿಚ್ಚಿ ಓದೋರು ಇರ್ಲಿಲ್ಲ. ಅದನ್ನ ಬಿಚ್ಚಿದ್ದು ಯಾರು? ಫ.ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮುಂಬಯಿಗೆ ಬಂದು ಸೇಂಟ್ ಝೇವಿಯರ್ಸ್ ಕಾಲೇಜಲ್ಲಿ ಓದಿ, 1904ರಲ್ಲಿ ವಕೀಲಿ ಪಾಸ್ ಮಾಡಿ ಬಿಜಾಪುರದಲ್ಲಿ ವಕೀಲಿ ಮಾಡಿದವರು. ಕ್ರಿಶ್ಚಿಯನ್ ಫಾದರ್‌ಗಳು ನಡೆಸೋ ಕಾಲೇಜಲ್ಲಿ ಓದಿದ ಹುಡುಗ ಧರ್ಮ ಬಿಡ್ಲಿಲ್ಲ, ಊರೂರು ಅಲೆದು ಓಲೆಗರಿ ಕೂಡಿಸಿ, ಒಂದರ ಪಕ್ಕ ಒಂದಿಟ್ಟು ಪಾಠ ತಾಳೆ ನೋಡಿ, 1923ರಲ್ಲಿ ಮೊದಲ ದೊಡ್ಡ ಸಂಗ್ರಹ ತಂದ್ರು, ಆಮೇಲೆ ಸ್ವಂತ ಮನೆ ಮಾರಿ ಬಿಜಾಪುರದಲ್ಲಿ ಪ್ರೆಸ್ ಹಾಕಿದ್ರು. ಅವರ ಅಪ್ಪನಿಗೂ ಯಾರಾದ್ರೂ ಪಡಸಾಲೆಯಲ್ಲಿ ಕೂತು ಓದಿಸ್ಬೇಡ ಅಂದಿದ್ರೆ, ಅಪ್ಪ ಕೇಳಿದ್ರೆ, ಆ ಕಟ್ಟುಗಳು ಇನ್ನೂ ಎಷ್ಟು ವರ್ಷ ಜಗಲಿ ಮೇಲೇ ಹುಳ ಹಿಡೀತಿದ್ವೋ. ಅಕ್ಷರ ತಿದ್ದೋದು, ನಾಲ್ಕು ಪ್ರತಿ ಹೋಲಿಸಿ ಯಾವುದು ಸರಿ ಅಂತ ನಿರ್ಧರಿಸೋದು, ಕಾಲ ಗುರುತಿಸೋದು, ಇದು ಭಕ್ತಿ ಒಂದರಿಂದಲೇ ಬರೋ ವಿದ್ಯೆ ಅಲ್ಲ, ಕೂತು ಕಲೀಬೇಕಾದ ವಿದ್ಯೆ. ಮುಂದೆ ಕರ್ನಾಟಕ ಸರ್ಕಾರ ವಚನಗಳನ್ನೆಲ್ಲ 15 ಸಂಪುಟದಲ್ಲಿ ತಂದಾಗಲೂ ಆ ಕೆಲಸ ಮಾಡಿದವರು ಯುನಿವರ್ಸಿಟಿಗಳಲ್ಲಿ ಪಾಠ ಹೇಳಿದ ವಿದ್ವಾಂಸರೇ.

ಮೊನ್ನೆ ನಮ್ಮ ಬೀಗರ ವಾಟ್ಸಾಪ್ ಗ್ರೂಪಲ್ಲಿ ಬಸವಣ್ಣನವರ ವಚನ ಅಂತ ಒಂದು ಬಂತು, ಎಲ್ಲರೂ ಕೈ ಮುಗಿದ ಚಿತ್ರ ಹಾಕಿದ್ರು, ನಾನೂ ಹಾಕ್ದೆ. ಮಗಳು ನೋಡಿ, "ಅಪ್ಪಾ ಇದಕ್ಕ ಅಂಕಿತಾನೇ ಇಲ್ಲಲ್ಲ, ಕೂಡಲಸಂಗಮದೇವ ಎಲ್ಲೈತಿ, ಭಾಷಾ ನೋಡು ಈಗಿನದು" ಅಂತ ಹುಡುಕಿ ನೋಡಿದ್ಲು, ಯಾವ ಸಂಪುಟದಲ್ಲೂ ಇಲ್ಲ. ಯಾರೋ ಬರೆದು ಬಸವಣ್ಣನ ಹೆಸರು ಹಚ್ಚಿದ್ದು. ಬಸವಣ್ಣ ಹೇಳದ ಮಾತನ್ನ ಬಸವಣ್ಣ ಹೇಳಿದ್ರು ಅಂತ ನಾವು ನಂಬಿಕೊಂಡು ಮುಂದೆ ಕಳ್ಸಿದ್ರೆ ಅದೂ ಒಂದು ಅಪಚಾರವೇ ತಾನೇ? ಅದನ್ನ ತಡೆದಿದ್ದು ಕಾಲೇಜಿಗೆ ಹೋದ ಹುಡುಗಿ.

ನಮ್ಮ ಭಾಗದ ಜನಕ್ಕೆ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾವರು ಅಂದ್ರೆ ಬೇರೆ ಹೇಳ್ಬೇಕಾಗಿಲ್ಲ. ಜೇಬಿಲ್ಲದ ಬಿಳಿ ಅಂಗಿ, ತಗ್ಗಿದ ದನಿ. 2023ರ ಜನವರಿ 2ಕ್ಕೆ ಅವರು ಹೋದಾಗ ನಮ್ಮ ಕಂಪನಿಯಲ್ಲಿ ಬಿಜಾಪುರದ ಕಡೆಯ ಏಳು ಜನ ರಜೆ ಹಾಕಿ ಹೋಗಿದ್ವಿ. ಹುಡುಗನಾಗಿದ್ದಾಗಲೇ ಅವರು ಮಲ್ಲಿಕಾರ್ಜುನ ಅಪ್ಪಾವರ ಹತ್ರ ಬಂದವರು, ಆ ಗುರುಗಳ ನೆರಳಲ್ಲಿ ಇದ್ದುಕೊಂಡೇ ಧಾರವಾಡದ ಕರ್ನಾಟಕ ಯುನಿವರ್ಸಿಟಿಯ ಡಿಗ್ರಿ ಮಾಡಿದ್ರು, ಕೊಲ್ಹಾಪುರದ ಶಿವಾಜಿ ಯುನಿವರ್ಸಿಟಿಯಲ್ಲಿ ಎಂಎ ಮಾಡಿದ್ರು. ವಿಷಯ ಯಾವುದು, ತತ್ವಶಾಸ್ತ್ರ. ನಮ್ಮಣ್ಣನಿಗೆ ಫೋನಲ್ಲಿ ಇದನ್ನ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದ, ಆಮೇಲೆ "ಅವರ ಮಾತು ಬ್ಯಾರೆ" ಅಂದ. ಬೇರೆ ಹೇಗೆ ಅಂತ ನಾನು ಕೇಳ್ತಾ ಇದ್ದೀನಿ, ಉತ್ತರ ಇನ್ನೂ ಬಂದಿಲ್ಲ. ನಮ್ಮೂರಿಗೆ ಹತ್ತಿರದ ನಿಂಬಾಳದ ಗುರುದೇವ ರಾನಡೆಯವರೂ ಹಾಗೇ, ಜಮಖಂಡಿಯಲ್ಲಿ ಹುಟ್ಟಿ, ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮದೀಕ್ಷೆ ತಗೊಂಡು, ಇದೇ ಪುಣೆಯ ಡೆಕ್ಕನ್ ಕಾಲೇಜಲ್ಲಿ ಓದಿ ಫರ್ಗುಸನ್ ಕಾಲೇಜಲ್ಲಿ ಪಾಠ ಹೇಳಿ, ಅಲಹಾಬಾದ್ ಯುನಿವರ್ಸಿಟಿಗೆ ವೈಸ್ ಚಾನ್ಸಲರ್ ಆಗೋವರೆಗೂ ಹೋಗಿ, ಕೊನೆಗೆ ಧ್ಯಾನಕ್ಕೆ ಅಂತ ಆಶ್ರಮ ಮಾಡ್ಕೊಂಡು ನಿಂತಿದ್ದು ನಿಂಬಾಳದ ಸ್ಟೇಷನ್ ಪಕ್ಕದಲ್ಲೇ. ನಮ್ಮಜ್ಜ ಅವರನ್ನ ರೈಲಿಂದ ಇಳಿಯೋದು ನೋಡಿದ್ದನಂತೆ. ಓದಿನಿಂದ ನಾಮಸ್ಮರಣೆ ಬಿಟ್ಟುಹೋಗೋದಾಗಿದ್ರೆ ಅಷ್ಟು ಓದಿದ ಮನುಷ್ಯನಿಗೆ ಮೊದಲು ಬಿಟ್ಟುಹೋಗ್ಬೇಕಿತ್ತು.

ಹಾಗಂತ ಭಕ್ತಿಗೆ ಡಿಗ್ರಿ ಬೇಕು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದ್ಕೋಬೇಡಿ. ನಮ್ಮವ್ವ ಹೆಬ್ಬೆಟ್ಟು ಒತ್ತುತಿದ್ಲು. ಬೀಸೋ ಕಲ್ಲಿನ ಮುಂದೆ ಕೂತು ಹಾಡೋಳು, ಮನೆ ಮುಂದೆ ಯಾರೇ ಬಂದ್ರೂ ಜಾತಿ ಕೇಳದೇ ರೊಟ್ಟಿ ಹಾಕೋಳು, ಬರಗಾಲದ ವರ್ಷ ನಮಗೆ ಅರ್ಧ ರೊಟ್ಟಿ ಕೊಟ್ಟು ಬಂದವರಿಗೆ ಅರ್ಧ ಕೊಟ್ಟವಳು. ಅವಳ ಧರ್ಮದ ಮುಂದೆ ಯಾವ ಪಿಎಚ್‌ಡಿನೂ ನಿಲ್ಲಲ್ಲ. ಓದಿದ ಮೇಲೆ ಅಂಥ ಅವ್ವನ್ನ ನೋಡಿ ನಿನಗೇನು ಗೊತ್ತು ಅನ್ನೋ ಮಕ್ಕಳೂ ಇದ್ದಾರೆ, ಅಂಥವರನ್ನ ನೋಡಿಯೇ ಹಿರಿಯರು ಹೆದರೋದು. ಆ ಸೊಕ್ಕು ತಪ್ಪು, ನನ್ನ ಮಗಳಿಗೂ ಹೇಳಿದ್ದೀನಿ. ಆದರೆ ಅವ್ವನಿಗೆ ಓದು ಬೇಕಾಗ್ಲಿಲ್ಲ ಅನ್ನೋದನ್ನ ಹಿಡ್ಕೊಂಡು ಮೊಮ್ಮಗಳಿಗೂ ಬೇಡ ಅನ್ನೋದು ಸರಿ ಅಲ್ಲ, ಅವ್ವನಿಗೆ ಯಾರೂ ಬೇಕಾ ಅಂತ ಕೇಳಿರ್ಲೇ ಇಲ್ಲ. ನನ್ನ ಮಗಳು ಪ್ರಶ್ನೆ ಇಟ್ಕೊಂಡೇ ಹುಟ್ಟಿದವಳು, ಈ ಕಾಲದ ಹುಡುಗಿ, ದಿನಕ್ಕೆ ಹತ್ತು ಧರ್ಮದ ಹತ್ತು ಭಾಷೆಯ ಜನರ ಮಧ್ಯೆ ಲೋಕಲ್‌ನಲ್ಲಿ ನಿಂತು ಹೋಗೋಳು. ಅವಳ ಪ್ರಶ್ನೆ ಹೇಗೂ ನಿಲ್ಲಲ್ಲ. ಅದನ್ನ ತಿಳಿದವರ ಮುಂದೆ ಕೇಳ್ತಾಳೋ ಮೊಬೈಲಲ್ಲಿ ಸಿಕ್ಕವರ ಹತ್ರ ಕೇಳ್ತಾಳೋ ಅಷ್ಟೇ ನಮ್ಮ ಕೈಲಿರೋದು.

ಹಿರಿಯರಲ್ಲಿ ನನ್ನದೊಂದು ಕೇಳ್ಕೆ. ನಿಮ್ಮ ಮೊಮ್ಮಗಳಿಗೆ ಯಾವ ವಿಷಯದಲ್ಲಿ ಎಂಎ ಬೇಕು ಅಂತ ನೀವು ಬರೀಲಿಲ್ಲ, ಯಾವುದೇ ಇರ್ಲಿ, ಅರ್ಜಿಯ ಕೊನೇ ದಿನಾಂಕ ಮುಗಿಯೋ ಮುಂಚೆ ಹೂಂ ಅನ್ನಿ. ಪುಣೆಯಲ್ಲೇ ಸೀಟು ಸಿಕ್ಕಿ ಹಾಸ್ಟೆಲ್ ಸಿಗ್ಲಿಲ್ಲ ಅಂದ್ರೆ ನಮ್ಮ ಮನೆ ಇದೆ, ದೊಡ್ಡ ಮನೆ ಅಲ್ಲ, ಆದರೆ ಮಗಳ ರೂಮಲ್ಲಿ ಇನ್ನೊಂದು ಮಂಚ ಹಿಡಿಯತ್ತೆ, ನಮ್ಮ ಮನೆಯವರ ಹತ್ರ ಕೇಳಿಯೇ ಬರೀತಿದ್ದೀನಿ. ಬೆಳಿಗ್ಗೆ ಐದೂವರೆಗೆ ನಮ್ಮಲ್ಲಿ ಪೂಜೆ ಆಗತ್ತೆ, ಕೂರ್ತೀನಿ ಅಂದ್ರೆ ಮಣೆ ಇದೆ, ಇಲ್ಲಾಂದ್ರೂ ಒತ್ತಾಯ ಇಲ್ಲ. ಆಮೇಲೆ ಆಕುರ್ಡಿ ಸ್ಟೇಷನ್ನಿಂದ ಲೋಕಲ್ ಹಿಡಿದು ಶಿವಾಜಿನಗರಕ್ಕೆ ಇಳಿದ್ರೆ ಅಲ್ಲಿಂದ ಯುನಿವರ್ಸಿಟಿಗೆ ಬಸ್ಸು, ಇಬ್ಬರೂ ಜೊತೆಗೇ ಹೋಗಿ ಬರ್ತಾರೆ. ನನ್ನ ಫೋನ್ ನಂಬರು ಸಂಪಾದಕರ ಹತ್ರ ಇದೆ, ಅವರನ್ನ ಕೇಳಿ ತಗೊಳ್ಳಿ.

ಇಂತಿ,
ಆಕುರ್ಡಿಯ ಒಬ್ಬ ಟರ್ನರ್
ಪುಣೆ